ಬಿಲ್ಲೇ ಸೊನ್ನೆ ಬರೂ ಮನಿಗೆ ಸೋಲಾರ್ ಸಬ್ಸಿಡಿ ಯಾತಕ್ಕ? ನೀವಾದ್ರ ಯೋಜನೆ ಹೆಂಗ ಮಾಡ್ತಿದ್ರಿ?

ಮಾಳಿಗಿ_ಮಾಸ್ತರ (ಸಿಂಧನೂರು)

ನಮ್ಮ ಓಣ್ಯಾಗ ಸೋಲಾರ್ ಮಂದಿ ಬಂದು ಪಾಂಪ್ಲೆಟ್ ಹಂಚಿ ಹೋಗ್ಯಾರ. ಪಿಎಂ ಸೂರ್ಯಘರ್, 3 ಕಿಲೋವ್ಯಾಟ್ ಹಾಕಿಸಿದ್ರ 78,000 ಸಬ್ಸಿಡಿ, "ಇನ್ಮ್ಯಾಲ ಕರೆಂಟ್ ಬಿಲ್ ಸೊನ್ನೆ" ಅಂತ ಕೆಂಪಕ್ಷರದಾಗ ಬರ್ದದ. ಓದಿ ನಮ್ಮ ಮನ್ಯಾಕಿ ನಕ್ಕಳು. ನಮ್ಮ ಬಿಲ್ 2023ರ ಆಗಸ್ಟ್‌ನಿಂದ ಸೊನ್ನೇನೇ ಅದ. ತಿಂಗಳಿಗೆ 120–130 ಯೂನಿಟ್ ಸುಡ್ತೀವಿ, ಗೃಹಜ್ಯೋತಿ ಮಿತಿಯೊಳಗ ಕೂಡ್ತದ.

ಹಂಗಾದ್ರ ಕೈಯಿಂದ ಲಕ್ಷ ರೂಪಾಯಿ ಹಾಕಿ ಸೊನ್ನೆನ್ನ ಸೊನ್ನೆ ಮಾಡ್ಕೊಬೇಕೇನು? ಕೇಂದ್ರದವ್ರು ಪ್ಯಾನೆಲ್ ಹಾಕ್ರಿ ಅಂತಾರ, ರಾಜ್ಯದವ್ರು ಹಾಕೋ ಕಾರಣಾನೇ ತೆಗ್ದಾರ. ಎರಡೂ ನಮ್ಮ ತೆರಿಗಿ ರೊಕ್ಕನೇ. ಬಿಸಿಲಿಗಂತೂ ನಮ್ಮ ಜಿಲ್ಲಾದಾಗ ಬರ ಇಲ್ಲ, ಬ್ಯಾರೆ ಎಲ್ಲದಕ್ಕೂ ಅದ.

ನನ್ನ ಪ್ರಶ್ನೆ ಇಷ್ಟ. ರಾಯಚೂರು, ಕೊಪ್ಪಳ, ಬಳ್ಳಾರಿ ಮನಿಗೋಳಿಗೆ ಒಂದು ಸೋಲಾರ್ ಪ್ರೋತ್ಸಾಹ ಯೋಜನೆ ನೀವೇ ಬರಿಬೇಕಂದ್ರ ಹೆಂಗ ಬರೀತಿದ್ರಿ? ಪಕ್ಷ ರಾಜಕೀಯ ಬ್ಯಾಡ, ಲೆಕ್ಕ ಹೇಳ್ರಿ.

ಬಳ್ಳಾರಿ_ಗುಡ್ಡ

ಪಕ್ಷ ರಾಜಕೀಯ ಬೇಡ ಅಂದ್ರೆ ಈ ಟಾಪಿಕ್‌ನಲ್ಲಿ ಉಳಿಯೋದೇನು ಸಾರ್ 😄

ಲೆಕ್ಕದ_ಪುಸ್ತಕ (ಬಳ್ಳಾರಿ)

ಲೆಕ್ಕ ಕೇಳಿದ್ದೀರಿ, ತಗೊಳ್ಳಿ. 2025–26ರ ದರ ಹಿಡಿದು ಹೇಳ್ತೀನಿ. ಆಗ ಮನೆ ಬಳಕೆ ದರ ಯೂನಿಟ್‌ಗೆ 5.80 ಇತ್ತು. ಅದರ ಮೇಲೆ ಪಿಂಚಣಿ ಸರ್ಚಾರ್ಜ್ 36 ಪೈಸೆ, 9% ತೆರಿಗೆ. ಎಲ್ಲಾ ಸೇರಿ ಸುಮಾರು 6.70. ಇದರ ಜೊತೆ ಮಂಜೂರಾದ ಲೋಡಿಗೆ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ.

ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಹೆಚ್ಚೂ ಕಡಿಮೆ 4 ಯೂನಿಟ್, ತಿಂಗಳಿಗೆ 120 ಅಂತ ಇಟ್ಕೊಳ್ಳಿ. ಈಗ ಎರಡು ಮನೆ ನೋಡಿ.

ಒಂದು ಮನೆ ಎ.ಸಿ. ಇಟ್ಕೊಂಡು 260 ಯೂನಿಟ್ ಬಳಸುತ್ತೆ. 200 ದಾಟಿದ ಕಾರಣ ಪೂರ್ತಿ ಬಿಲ್ ಅವರೇ ಕಟ್ಟಬೇಕು. 2 ಕಿಲೋವ್ಯಾಟ್ ಹಾಕಿಸಿದರೆ 240 ಯೂನಿಟ್ ಉಳಿತಾಯ, ತಿಂಗಳಿಗೆ 1,600. ಸಬ್ಸಿಡಿ 60,000 ಹೋಗಿ ಕೈಯಿಂದ 70,000 ಹಾಕಿದ್ದರೂ ನಾಲ್ಕು ವರ್ಷದೊಳಗೆ ವಾಪಸ್.

ಇನ್ನೊಂದು ಮಾಸ್ತರ ಮನೆ. 130 ಯೂನಿಟ್. ಉಳಿತಾಯ ಸೊನ್ನೆ. ಹಾಕಿದ ದುಡ್ಡು ಯಾವತ್ತೂ ವಾಪಸ್ ಬರಲ್ಲ.

ಅಂದರೆ ಸಬ್ಸಿಡಿ ಎಲ್ಲರಿಗೂ ಒಂದೇ ಅಂತ ಕಾಗದದಲ್ಲಿ ಇದ್ದರೂ, ನಿಜವಾಗಿ ಅದು ಹೋಗೋದು ಎ.ಸಿ. ಇರುವ ಮನೆಗೆ. ಸತ್ಯನಾರಾಯಣಪೇಟೆ, ಗಾಂಧಿನಗರದ ಕಡೆ ತಲೆ ಎತ್ತಿ ನೋಡಿ, ಪ್ಯಾನೆಲ್ ಕಾಣುತ್ತೆ. ಕೌಲ್‌ಬಜಾರ್‌ನಲ್ಲಿ ಹುಡುಕಬೇಕು.

ಗಂಗಾವತಿ_ಅಕ್ಕಿ

ಒಂದು ತಿದ್ದುಪಡಿ. ಗೃಹಜ್ಯೋತಿ ಅಂದ್ರ ಎಲ್ಲಾರಿಗೂ 200 ಫ್ರೀ ಅಲ್ಲ. 2022–23ರ ಸರಾಸರಿ ಮ್ಯಾಲ 10% ಅಷ್ಟ ಫ್ರೀ. 48 ಯೂನಿಟ್‌ಗಿಂತ ಕಡಿಮಿ ಇದ್ದವ್ರಿಗೆ 10% ಬದ್ಲು 10 ಯೂನಿಟ್ ಜಾಸ್ತಿ ಕೊಟ್ರು. ಮಿತಿ ದಾಟಿ 200ರೊಳಗ ಇದ್ರ ಹೆಚ್ಚಿಗಿದ್ದ ಯೂನಿಟ್‌ಗೆ ಅಷ್ಟ ಕಟ್ಟೂದು. ಅಂದ್ರ ಅವಾಗ ಕೂಲರ್ ಇರ್ಲಾರದ ಮನಿ ಈಗ ಕೂಲರ್ ತಂದ್ರ ಏಪ್ರಿಲ್-ಮೇ ಒಳಗ ಬಿಲ್ ಬರ್ತೈತಿ. ನಮ್ಮನ್ಯಾಗ ಬರಾಕತ್ತೈತಿ.

ಸುಮ್ಮನ_ಓದಾಂವ

ಕೂಲರ್ ಇಲ್ದ ಮನಿ ಗಂಗಾವತ್ಯಾಗ ಐತೇನು?

ಬೆಂಗಳೂರ್ನ್ಯಾಗ_ಲಿಂಗಸುಗೂರು

ಮಾಸ್ತರ, ನಿಮ್ಮ ಪ್ರಶ್ನೆ ದಿಲ್ಲ್ಯಾಗೂ ಎದ್ದಿತ್ತು. ಅಲ್ಲಿ 2019ರಿಂದನೇ 200 ಯೂನಿಟ್ ತನಕ ಫ್ರೀ ಅದ. ಫ್ರೀ ಇದ್ದವ್ರು ಯಾಕ ಸೋಲಾರ್ ಹಾಕಸ್ತಾರ? ಅದಕ್ಕ ಅವ್ರ 2023ರ ಸೋಲಾರ್ ನೀತ್ಯಾಗ ಏನ್ ಮಾಡಿದ್ರಂದ್ರ, ಪ್ಯಾನೆಲ್ ಹುಟ್ಟಿಸಿದ ಪ್ರತಿ ಯೂನಿಟ್‌ಗೆ ರೊಕ್ಕ. 3 ಕಿಲೋವ್ಯಾಟ್ ತನಕ ಯೂನಿಟ್‌ಗೆ 3 ರೂಪಾಯಿ, ಅದರ ಮ್ಯಾಲ 10 ಕಿಲೋವ್ಯಾಟ್ ತನಕ 2 ರೂಪಾಯಿ, 5 ವರ್ಷ. ನೀವೇ ಬಳಸ್ರಿ, ಗ್ರಿಡ್‌ಗೆ ಕೊಡ್ರಿ, ಹುಟ್ಟಿದ್ದಕ್ಕ ರೊಕ್ಕ. ಬಿಲ್ ಸೊನ್ನೆ ಇದ್ದ ಮನಿಗೂ ತಿಂಗಳಿಗೆ ಸಾವಿರದ ಹತ್ರ ಕೈಗೆ ಬರ್ತದ.

ನಂಗ ಇದೇ ಸರಿ ಅನಿಸ್ತದ. ಈಗಿನ ಸಬ್ಸಿಡಿ ಹಾಕಿದ್ದಕ್ಕ ಕೊಡ್ತದ, ಹುಟ್ಟಿಸಿದ್ದಕ್ಕ ಅಲ್ಲ. ಇನ್‌ಸ್ಪೆಕ್ಷನ್ ಆಗಿ ಸಬ್ಸಿಡಿ ಅಕೌಂಟ್‌ಗೆ ಬಿದ್ದ ಮ್ಯಾಲ ಪ್ಯಾನೆಲ್ ಮ್ಯಾಲ ಒಂದು ಬೆಟ್ಟು ಧೂಳ ಕುಂತ್ರೂ ಕೇಳವ್ರಿಲ್ಲ.

ಶಕ್ತಿನಗರ_ಚಿಮಣಿ

ಯೂನಿಟ್‌ಗೆ ರೊಕ್ಕ ಕೊಡೂದು ಹೊಸಾದೇನಲ್ಲ. ಜರ್ಮನಿ 2000ದಾಗ ಶುರು ಮಾಡ್ತು. 20 ವರ್ಷ ದರ ಗ್ಯಾರಂಟಿ, ಆದ್ರ ಹೊಸದಾಗಿ ಸೇರವ್ರಿಗೆ ದರ ಇಳಕೋತ ಹೋಗ್ತದ ಅಂತ ಮೊದ್ಲೇ ಹೇಳಿಟ್ಟಿದ್ರು. ನಮ್ಮ ರಾಜ್ಯದಾಗೂ ಆಗ್ಯದ, ಮರ್ತೀರೇನು? 2013ರಾಗ ಕರೆಂಟ್ ದರ ಇಡೂ ರಾಜ್ಯದ ಆಯೋಗ, ಕೆಇಆರ್‌ಸಿ, ಮಾಳಿಗಿ ಸೋಲಾರ್‌ಗೆ ಯೂನಿಟ್‌ಗೆ 9.56 ಇಟ್ಟಿತ್ತು, ಸಬ್ಸಿಡಿ ತಗೊಂಡವ್ರಿಗೆ 7.20. ಆಮ್ಯಾಲ ಪ್ಯಾನೆಲ್ ರೇಟ್ ಬಿತ್ತು, ದರ ಹಂಗೇ ಮ್ಯಾಲಿತ್ತು, ಯಾರಿಗಿ ದೊಡ್ಡ ಮಾಳಿಗಿ ಇತ್ತೋ ಅವ್ರು ಬಾಚ್ಕೊಂಡ್ರು. 2016ರಾಗ ಒಮ್ಮೆಲೇ ಇಳಿಸಿದ್ರು. ತಡಾ ಮಾಡಿದವ್ರು ಬಾಯಿ ಬಾಯಿ ಬಡ್ಕೊಂಡ್ರು.

ದರ ಎಷ್ಟಿದ್ರೂ ಇರ್ಲಿ. ಮುಂದ ಹೆಂಗ ಇಳೀತದ ಅಂಬೋದು ಮೊದ್ಲೇ ಬರ್ದಿಡಬೇಕು. ಇಲ್ಲಂದ್ರ ಮೊದ್ಲು ಜಾತ್ರಿ, ಆಮ್ಯಾಲ ಕೋರ್ಟು.

ಲೆಕ್ಕದ_ಪುಸ್ತಕ (ಬಳ್ಳಾರಿ)

ನನ್ನದೊಂದು ಐಡಿಯಾ ಇದೆ, ಬೈಬೇಡಿ. ಮಾಸ್ತರ ಮನೆ ಪರವಾಗಿ ರಾಜ್ಯ ಸರ್ಕಾರ ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂಗೆ ಏನು ಕಟ್ಟುತ್ತೆ? 130 ಯೂನಿಟ್, 2 ಕಿಲೋವ್ಯಾಟ್ ಲೋಡ್ ಅಂದುಕೊಂಡರೆ ನಿಗದಿತ ಶುಲ್ಕ ಸೇರಿ ತಿಂಗಳಿಗೆ 1,150 ಚಿಲ್ಲರೆ. ವರ್ಷಕ್ಕೆ 14,000 ಹತ್ತಿರ. ಐದು ವರ್ಷಕ್ಕೆ 70,000.

ಆ ಐದು ವರ್ಷದ ದುಡ್ಡನ್ನು ಒಟ್ಟಿಗೆ ಈಗಲೇ ಪ್ಯಾನೆಲ್‌ಗೆ ಕೊಟ್ಟುಬಿಡಿ. ಕೇಂದ್ರದ 60,000 ಜೊತೆ ಸೇರಿದರೆ 2 ಕಿಲೋವ್ಯಾಟ್ ಪೂರ್ತಿ ಖರ್ಚೇ ಎದ್ದುಹೋಗುತ್ತೆ. ಮಾಸ್ತರ ಕೈಯಿಂದ ಏನೂ ಇಲ್ಲ. ಐದು ವರ್ಷ ಆದಮೇಲೆ ಸರ್ಕಾರಕ್ಕೆ ಆ ಮನೆ ಭಾರ ಇಲ್ಲ, ಪ್ಯಾನೆಲ್ ಇನ್ನೂ ಇಪ್ಪತ್ತು ವರ್ಷ ಓಡುತ್ತೆ.

ಬಳ್ಳಾರಿ_ಗುಡ್ಡ

ಮಸ್ತ್ ಐತೆ. ಆದ್ರೆ ಅದರರ್ಥ ಐದು ವರ್ಷ ಆದ್ಮೇಲೆ "ನಿಮ್ಗೆ ಗೃಹಜ್ಯೋತಿ ಇಲ್ಲ" ಅಂತ ತಾನೇ? ಆವಾಗ ಇನ್ವರ್ಟರ್ ಸುಟ್ರೆ ಯಾರು ಕೊಡಿಸ್ತಾರೆ? ನಮ್ಮಮ್ಮನಿಗೆ ಈ ಮಾತು ಹೇಳಿ ನೋಡಿ. ಬರ್ತಿರೋ ಸೊನ್ನೆ ಬಿಲ್ ಬಿಟ್ಟು ಬರದಿರೋ ಸೊನ್ನೆ ಬಿಲ್ಲಿಗೆ ಸಹಿ ಹಾಕ್ತಾಳಾ?

ಶಕ್ತಿನಗರ_ಚಿಮಣಿ

ಲೆಕ್ಕದ ಪುಸ್ತಕದವ್ರ ಲೆಕ್ಕದಾಗ ಎರಡು ತೂತು ಅದಾವ.

ಒಂದು, ನಿಗದಿತ ಶುಲ್ಕ ಪ್ಯಾನೆಲ್ ಹಾಕಿದ್ರೂ ಹೋಗಂಗಿಲ್ಲ. 2 ಕಿಲೋವ್ಯಾಟ್‌ಗೆ 145ರಂಗ ಆ 290 ಪ್ರತಿ ತಿಂಗಳಾ ಇದ್ದೇ ಇರ್ತದ. ಹಂಗಾಗಿ 14,000 ಉಳೀತದ ಅನ್ನಂಗಿಲ್ಲ, 10,000 ಚಿಲ್ಲರ ಅನ್ರಿ.

ಎರಡನೇದು ದೊಡ್ಡದು. ನಾನು ಥರ್ಮಲ್ ಸ್ಟೇಷನ್ದಾಗ ಸರ್ವಿಸ್ ಮುಗಿಸಿದವ. ನಮ್ಮ ಆರ್‌ಟಿಪಿಎಸ್ 1,720 ಮೆಗಾವ್ಯಾಟ್, ಯರಮರಸ್ 1,600, ಕುಡತಿನಿ 1,700. ಮೂರೂ ನಮ್ಮ ನೆರಿಮನಿಗೋಳೇ. ಮಧ್ಯಾಹ್ನ ಸೋಲಾರ್ ಏರಿದಾಗ ಈ ಯೂನಿಟ್‌ಗೋಳ ಲೋಡ್ ಇಳಸ್ತಾರ, ಸಂಜಿಗೆ ಮತ್ತ ಏರಸ್ತಾರ. ಮಾಸ್ತರ ಮನ್ಯಾಗ ಕರೆಂಟ್ ಬೇಕಾಗೂದು ಯಾವಾಗ? ಸಂಜಿ 7ರಿಂದ ರಾತ್ರಿ ಕೂಲರ್ ತಿರುಗೂ ಮಟ. ಪ್ಯಾನೆಲ್ ಕೊಡೂದು ಹಗಲ 11ಕ್ಕ. ಮೀಟರ್ ಲೆಕ್ಕದಾಗ ಎರಡೂ ವಜಾ ಆಗ್ತಾವ, ಖರೇ ರಾತ್ರಿ ಕರೆಂಟ್ ಮಾತ್ರ ಕಲ್ಲಿದ್ದಲೇ ಕೊಡಬೇಕು. ಹಂಗಾಗಿ ಮಾಳಿಗಿ ಮ್ಯಾಲ ಹುಟ್ಟಿದ ಯೂನಿಟ್‌ಗೆ 6.70 ಬೆಲಿ ಕಟ್ಟೂದು ಗ್ರಾಹಕನ ಲೆಕ್ಕ, ಕಂಪನಿ ಲೆಕ್ಕ ಅಲ್ಲ. ಕ್ಯಾಲಿಫೋರ್ನಿಯಾದಾಗ ಇದೇ ಜಗಳ ಆಗಿ 2023ರ ಏಪ್ರಿಲ್‌ನಿಂದ ಹೊಸಬರಿಗೆ ಗ್ರಿಡ್‌ಗೆ ಕೊಟ್ಟ ಯೂನಿಟ್ ಬೆಲಿ ಭಾಳ ಇಳಿಸಿದ್ರು.

ಗಂಗಾವತಿ_ಅಕ್ಕಿ

ಸರ, ಹಗಲು ಕರೆಂಟ್ ನಮ್ಮ ಕಡೆ ಬ್ಯಾಡಾದ ಮಾಲೇನಲ್ಲ. ಪಂಪ್‌ಸೆಟ್ ಫೀಡರ್‌ಗೆ 7 ತಾಸು ತ್ರೀ ಫೇಸ್ ಕೊಡಬೇಕು, ಅದನ್ನ ರಾತ್ರಿ ಬದ್ಲು ಹಗಲು ಕೊಟ್ರ ರೈತ ಹಾವು-ಚೇಳಿನ ನಡುವ ನೀರು ಕಟ್ಟೂದು ತಪ್ಪತೈತಿ. ಗಂಗಾವತಿ, ಕಾರಟಗಿ ಕಡೆ ರೈಸ್‌ಮಿಲ್ ಎಲ್ಲಾ ಹಗಲೂ ಓಡ್ತಾವ. ಮಾಳಿಗಿ ಮ್ಯಾಲ ಹುಟ್ಟಿದ್ದು ಅದೇ ಟ್ರಾನ್ಸ್‌ಫಾರ್ಮರ್ ಸುತ್ತಮುತ್ತ ಸುಟ್ಟುಹೋಕ್ಕೈತಿ, ಯರಮರಸ್ದಿಂದ ತಂತಿ ಮ್ಯಾಲ ಬರೂ ಲುಕ್ಸಾನೂ ಇಲ್ಲ.

ಶಕ್ತಿನಗರ_ಚಿಮಣಿ

ಅದು ಒಪ್ಪತಕ್ಕದ್ದೇ. ಅದಕ್ಕ ಪ್ರೋತ್ಸಾಹಧನ ಎಲ್ಲಾ ಕಡೆ ಒಂದೇ ಇರಬಾರದು. ಹಗಲು ಲೋಡ್ ಇದ್ದ ಟ್ರಾನ್ಸ್‌ಫಾರ್ಮರ್ ಕೆಳಗ ಹಾಕಿದವ್ರಿಗೆ ಎಂಟಾಣೆ ಹೆಚ್ಚು, ಬ್ಯಾಟರಿ ಇಟ್ಟು ಸಂಜಿ 7–10ರಾಗ ಗ್ರಿಡ್‌ಗೆ ಕೊಟ್ಟವ್ರಿಗೆ ಇನ್ನೂ ಹೆಚ್ಚು. ಈಗ ಬ್ಯಾಟರಿಗಂತ ಬ್ಯಾರೆ ಸಬ್ಸಿಡಿ ಇಲ್ಲ, ಪ್ಯಾನೆಲ್ ಕಿಲೋವ್ಯಾಟ್ ಮ್ಯಾಲ ಅಷ್ಟ.

ಕುಷ್ಟಗಿ_ಹುಡುಗಿ

ಎಲ್ಲಾರೂ ಯೂನಿಟ್ ಯೂನಿಟ್ ಅಂತೀರಿ. ಮಾಳಿಗಿ ಬಗ್ಗೆ ಯಾರೂ ಮಾತಾಡವಲ್ರಿ.

ನಮ್ಮ ಕಡೆ ಮಾಳಿಗಿ ಅಂದ್ರ ಖಾಲಿ ಜಾಗ ಅಲ್ಲ. ಮಾರ್ಚ್‌ನಿಂದ ಜೂನ್ ತನಕ ಅರ್ಧ ಊರು ಅಲ್ಲೇ ಮಲಗ್ತೈತಿ. ಮೆಣಸಿನಕಾಯಿ, ಶಾವಿಗಿ, ಸಂಡಿಗಿ, ಹಪ್ಪಳ, ತೊಗರಿ ಎಲ್ಲಾ ಒಣಗೂದು ಅಲ್ಲೇ. 3 ಕಿಲೋವ್ಯಾಟ್ ಅಂದ್ರ ಹೆಚ್ಚೂ ಕಡಿಮಿ ಮುನ್ನೂರು ಚದರ ಅಡಿ. ವೆಂಡರ್ ಬಂದು ಮೊಣಕಾಲ ಎತ್ತರಕ್ಕ ಸ್ಟ್ಯಾಂಡ್ ಹಾಕಿ ಹೋದ್ರ ನಮ್ಮವ್ವ ಸಂಡಿಗಿ ಎಲ್ಲಿ ಹಾಕ್ಬೇಕು? ನಮ್ಮನ್ಯಾಗ ಸೋಲಾರ್ ಬ್ಯಾಡ ಅಂದಾಕಿ ಅವ್ವ. ರೊಕ್ಕದ ಮಾತು ಅಲ್ಲಿ ಬರಲೇ ಇಲ್ಲ, ಜಾಗದ್ದು ಬಂತು.

ಎಂಟು ಅಡಿ ಎತ್ತರ ಜಿಐ ಪೈಪಿನ ಚಪ್ಪರದಂಗ ಎಬ್ಬಿಸಿದ್ರ ಕೆಳಗ ನೆಳ್ಳು, ಮಲಗಾಕ ಜಾಗ, ಛತ್ತು ಕಾಯೂದೂ ಕಡಿಮಿ. ಆದ್ರ ಆ ಸ್ಟ್ರಕ್ಚರ್ ಖರ್ಚು ಬ್ಯಾರೆ, ಸಬ್ಸಿಡಿ ಮಾತ್ರ ಅಷ್ಟೇ. ದಿಲ್ಲ್ಯಾಗ ಕುಂತು ಮಾಡಿದ ದರಪಟ್ಟಿಯೊಳಗ ಸಂಡಿಗಿ ಇಲ್ಲ ನೋಡ್ರಿ.

ಸುಮ್ಮನ_ಓದಾಂವ

ಸಂಡಿಗಿ ಸಬ್ಸಿಡಿ ಯೋಜನೆ 🙏 ನನ್ನ ವೋಟು ಇದಕ್ಕ.

ವೈರ್_ಮ್ಯಾನ್ (ಕೊಪ್ಪಳ)

ನಾನು ಇದೇ ಕೆಲಸದಾಗ ಇದ್ದೀನಿ, ಅದಕ್ಕ ಸ್ವಲ್ಪ ಹೇಳ್ತೀನಿ. ಅಕ್ಕಾರು ಹೇಳಿದ್ದು ಖರೇ. ಸರ್ಕಾರದ ಲೆಕ್ಕ ಮೊದ್ಲ ಎರಡು ಕಿಲೋವ್ಯಾಟ್‌ಗೆ 50,000ದಂಗ, ಮೂರನೇದಕ್ಕ 45,000. ಅದರ 60%, 40% ತಗದು 30,000, 30,000, 18,000 ಅಂತ 78,000 ಮಾಡ್ಯಾರ. 3 ಕಿಲೋವ್ಯಾಟ್‌ಗೆ 1,45,000. ಆ ರೇಟ್‌ನ್ಯಾಗ ಎತ್ತರದ ಸ್ಟ್ರಕ್ಚರ್ ಕೂಡಂಗಿಲ್ಲ. ಮುಂಗಾರು ಗಾಳಿ ನಮ್ಮ ಎರಿಭೂಮಿ ಮ್ಯಾಲ ಹೆಂಗ ಬೀಸ್ತೈತಿ ಗೊತ್ತಲ್ಲ, ಎಂಟು ಅಡಿ ಎಬ್ಬಿಸಿದ್ರ ಬುಡಕ್ಕ ಕಾಂಕ್ರೀಟ್ ಗಟ್ಟಿ ಬೇಕು. ಇಲ್ಲಂದ್ರ ಪ್ಯಾನೆಲ್ ಪಕ್ಕದ ಮನ್ಯಾಗ ಸಿಗ್ತೈತಿ.

ಇನ್ನೊಂದು. ಸಬ್ಸಿಡಿ ಬೇಕಂದ್ರ ಸೆಲ್ಲೂ ಪ್ಯಾನೆಲ್ಲೂ ಎರಡೂ ಭಾರತದಾಗ ಮಾಡಿದ್ದೇ ಆಗ್ಬೇಕು, ಡಿಸಿಆರ್ ಅಂತಾರ. ಅದು ಬ್ಯಾರೆ ಪ್ಯಾನೆಲ್‌ಗಿಂತ ತುಟ್ಟಿ. ಹಂಗಾಗಿ 78,000ದಾಗ ಒಂದು ಪಾಲು ಮನಿಯವ್ರಿಗೆ ಅಲ್ಲ, ಸೆಲ್ ಫ್ಯಾಕ್ಟರಿಗೆ ಹೋಕ್ಕೈತಿ ಅಂತ ತಿಳ್ಕೋರಿ. ತಪ್ಪಂತ ಅಲ್ಲ, ದೇಶದ ಕೈಗಾರಿಕೆ ಬೆಳೀಲಿ. ಆದ್ರ ಅದನ್ನ ಮನಿ ಸಬ್ಸಿಡಿ ಹೆಸರ್ಲೆ ಲೆಕ್ಕ ಹಾಕೂದು ಬ್ಯಾಡ.

ಬಳ್ಳಾರಿ_ಗುಡ್ಡ

ಮತ್ತೆ ವೆಂಡರ್ ಪಾಲು? ಅದನ್ನ ಹೇಳ್ಲಿಲ್ಲ ನೋಡಿ. ನಮ್ಮ ಮಾವನ ಮನೆಗೆ ಬಂದವನು ಮೊದಲು ಒಂದು ರೇಟ್ ಹೇಳಿದ. ಸಬ್ಸಿಡಿ ಇಲ್ದೆ ಹಾಕು ಅಂದ್ರೆ ಅದೇ ಸಾಮಾನಿಗೆ ಇನ್ನೊಂದು ರೇಟ್, ಕಡಿಮೆ. "ಪೋರ್ಟಲ್ ಖರ್ಚು, ಓಡಾಟದ ಖರ್ಚು" ಅಂತೆ. ಪೋರ್ಟಲ್‌ಗೆ ಓಡಾಟ ಯಾತಕ್ಕೋ!

ವೈರ್_ಮ್ಯಾನ್ (ಕೊಪ್ಪಳ)

ಅಣ್ಣಾ, ಅಂಥವ್ರು ಅದಾರ. ಆದ್ರ ಓಡಾಟ ಇಲ್ಲ ಅನಬ್ಯಾಡ್ರಿ. ಅರ್ಜಿ ನಿಲ್ಲೂದು ಎಲ್ಲಿ ಅಂದ್ರ ಆರ್.ಆರ್. ನಂಬರ್ ಮ್ಯಾಲ. ಹತ್ತು ಮನಿಗೆ ಹೋದ್ರ ಅದರಾಗ ಎಷ್ಟೋ ಮೀಟರ್ ಇನ್ನಾ ತೀರಿಕೊಂಡ ಅಜ್ಜನ ಹೆಸರಿನ್ಯಾಗ ಇರ್ತಾವ. ಸಬ್ಸಿಡಿ ಬೀಳಬೇಕಂದ್ರ ಮೀಟರ್ ಹೆಸರೂ ಬ್ಯಾಂಕ್ ಹೆಸರೂ ಹೊಂದಬೇಕು. ಹೆಸರು ಬದಲಿಸಾಕ ವಾರಸಾ ಪತ್ರ, ಮನಿ ಖಾತಾ, ಅಣ್ಣತಮ್ಮರ ಒಪ್ಪಿಗಿ. ಅಣ್ಣತಮ್ಮರು ಮಾತೇ ಬಿಟ್ಟು ವರ್ಷಗಟ್ಟಲೆ ಆಗಿರ್ತೈತಿ! ಸೋಲಾರ್ ಹಾಕಾಕ ಹೋದ ನಾನು ಪಂಚಾಯ್ತಿ ಕಟ್ಟಿ ಮ್ಯಾಲ ಪಾಲು ಪಂಚಾತಿಕಿ ಕೇಳ್ಕೋತ ಕುಂತಿದ್ದೈತಿ.

ಮಾಳಿಗಿ_ಮಾಸ್ತರ (ಸಿಂಧನೂರು)

ಹೌದ್ರೀ, ನಮ್ಮ ಮೀಟರ್ ಇನ್ನಾ ನಮ್ಮಪ್ಪನ ಹೆಸರ್ಲೇ ಅದ. ಸುಮ್ನ ಗೃಹಜ್ಯೋತಿ ಬರಾಕತ್ತದ, ಮುಟ್ಟೂದು ಬ್ಯಾಡ ಅಂತ ಬಿಟ್ಟೀವಿ.

ಪಂಚಾಯ್ತಿ_ಮೆಂಬರ್ (ಯಲಬುರ್ಗಾ ತಾಲೂಕು)

ಇಲ್ಲೊಂದು ವಿಷಯ ಯಾರಿಗೂ ಗೊತ್ತಿಲ್ಲ. ಇದೇ ಸೂರ್ಯಘರ್ ಯೋಜನ್ಯಾಗ ಪ್ರತಿ ಮನಿಗೆ ಪ್ಯಾನೆಲ್ ಬಿದ್ರ ಗ್ರಾಮ ಪಂಚಾಯ್ತಿಗೆ, ನಗರಸಭೆಗೆ 1,000 ರೂಪಾಯಿ ಪ್ರೋತ್ಸಾಹಧನ ಐತಿ. ನಾನು ಮೀಟಿಂಗ್‌ನ್ಯಾಗ ಎತ್ತಿದಾಗ ಎಲ್ಲಾರೂ ನನ್ನ ಮುಖ ನೋಡಿದ್ರು.

ನನ್ನ ಯೋಜನೆ ಇದು. ಆ ಸಾವಿರ ಪಂಚಾಯ್ತಿ ಖಾತೆಗೆ ಹಾಕಿ ಗಟಾರಕ್ಕ ಖರ್ಚು ಮಾಡೂ ಬದ್ಲು, ಊರಾಗ ಒಂದು ಹುಡುಗೀನೋ ಹುಡುಗನ್ನೋ ಕಾಗದ ಮಾಡಾಕ ಇಡ್ರಿ. ಮೀಟರ್ ಹೆಸರು ಬದಲಿ, ಇ-ಸ್ವತ್ತು, ಬ್ಯಾಂಕ್ ಸಾಲದ ಅರ್ಜಿ, ಪೋರ್ಟಲ್ ಎಲ್ಲಾ ಅವರೇ. ಒಂದು ಅರ್ಜಿ ಮುಗಿದ್ರ ಇಷ್ಟು ಅಂತ ಕೊಡ್ರಿ. 78,000ಕ್ಕ ಇನ್ನೊಂದು ಹತ್ತು ಸಾವಿರ ಏರಿಸೂದಕ್ಕಿಂತ ಇದು ಜಾಸ್ತಿ ಮನಿ ಮುಟ್ಟತೈತಿ.

ಬೆಂಗಳೂರ್ನ್ಯಾಗ_ಲಿಂಗಸುಗೂರು

ಛಲೋ ಮಾತು. ಸಾಲದ್ದೂ ಸೇರಸ್ರಿ. ಈಗ ಪೂರ್ತಿ ರೊಕ್ಕ ಮೊದ್ಲು ವೆಂಡರ್‌ಗೆ ಕೊಡಬೇಕು, ಸಬ್ಸಿಡಿ ಆಮ್ಯಾಲ ಅಕೌಂಟ್‌ಗೆ ಬರ್ತದ. ಅಷ್ಟು ರೊಕ್ಕ ಕೈಯಾಗ ಇದ್ದವ್ರಿಗೆ ಸಬ್ಸಿಡಿ ಇರ್ಲಾರದಿದ್ರೂ ನಡೀತದ. ಇರ್ಲಾರದವ್ರಿಗೆ ಅಡಮಾನ ಇಲ್ಲದ ಬ್ಯಾಂಕ್ ಸಾಲ ಅದ, ಕಾಗದದ ಮ್ಯಾಲ. ನಮ್ಮ ಅಣ್ಣ ಊರಾಗ ಒಂದು ಬ್ಯಾಂಕಿಗೆ ಹೋದ್ರ, ಒಕ್ಕಲುತನದ ಆದಾಯಕ್ಕ ಐಟಿ ರಿಟರ್ನ್ ತಾ ಅಂದ್ರಂತ. ಎಲ್ಲಿಂದ ತರ್ಬೇಕು?

ಗಂಗಾವತಿ_ಅಕ್ಕಿ

ಕಂತು ತಿಂಗಳಾ ತಿಂಗಳಾ ಅಂದ್ರ ಭತ್ತ ಬೆಳೆಯೂ ಮನಿಗೆ ಕಷ್ಟ. ನಮ್ಮ ತುಂಗಭದ್ರಾ ಎಡದಂಡಿ ಕಾಲುವಿ ಮ್ಯಾಲ ರೊಕ್ಕ ಬರೂದು ಎರಡು ಸಲ, ಮುಂಗಾರು ಭತ್ತ ಮಾರಿದಾಗ ಒಂದು, ಬ್ಯಾಸಿಗಿ ಬೆಳಿ ಬಂದ್ರ ಇನ್ನೊಂದು. ಬ್ಯಾಸಿಗಿ ಬೆಳಿ ಡ್ಯಾಮಿನ ಮರ್ಜಿ. 2024ರ ಆಗಸ್ಟ್‌ನ್ಯಾಗ 19ನೇ ಗೇಟ್ ಚೈನ್ ಹರಿದು ನೀರು ಹೋದಾಗ ಎಲ್ಲಾರ ಎದಿ ಒಡೆದಿತ್ತು. ಕಂತೂ ಹಂಗೇ ಸುಗ್ಗಿಗೆ ಹೊಂದಿಸಿ ಇಡಬೇಕು.

ಸೋಲಾರ್ ದೀಪದ ಕಂಪನಿ ಸೆಲ್ಕೊದವ್ರು ಇದನ್ನ ಮೊದ್ಲೇ ಮಾಡಿ ತೋರ್ಸ್ಯಾರಲ್ಲ. 1995ರಿಂದ ಹರೀಶ್ ಹಂದೆ ಅವ್ರು ಹಳ್ಳಿ ಮನಿಗೆ ದೀಪ ಕೊಟ್ಟಿದ್ದು ಸಬ್ಸಿಡಿ ನಂಬಿ ಅಲ್ಲ. ಬ್ಯಾಂಕಿನವ್ರನ್ನ ಒಪ್ಪಿಸಿ, ಮನಿಯವ್ರ ಗಳಿಕಿಗೆ ತಕ್ಕ ಕಂತು ಮಾಡಿ, ಕೆಟ್ರ ರಿಪೇರಿಗೆ ಹತ್ರ ಮನುಷ್ಯ ಇಟ್ಟು. 2011ರಾಗ ಮ್ಯಾಗ್ಸೆಸೆ ಪ್ರಶಸ್ತಿ ಬಂತು ಅವ್ರಿಗೆ.

ಹಳೇ_ಮೋಕಾ_ರೋಡ್

ಸೋಲಾರ್ ಗೀಸರ್‌ಗೂ ಒಂದು ಕಾಲದಾಗ ರಿಯಾಯಿತಿ ಇತ್ತು. ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಜಾಸ್ತಿ ಅಂದ್ರೆ 50 ರೂಪಾಯಿ. ಬಿಲ್‌ನಲ್ಲಿ ಆ ಲೈನ್ ನೋಡಿ ಖುಷಿ ಪಡ್ತಿದ್ದೆ. ಗೀಸರ್ ಮಾತ್ರ ಬೋರಿನ ಉಪ್ಪು ಕಟ್ಟಿ ಯಾವಾಗೋ ನಿಂತಿತ್ತು, ರಿಯಾಯಿತಿ ಬರ್ತಾನೇ ಇತ್ತು. ಮೇ ತಿಂಗಳಲ್ಲಿ ಬಳ್ಳಾರಿ ಟ್ಯಾಂಕ್ ನೀರೇ ಕೈ ಸುಡುತ್ತೆ, ಗೀಸರ್ ಯಾರಿಗೆ ಬೇಕು?

ಬೆಂಗಳೂರ್ನ್ಯಾಗ_ಲಿಂಗಸುಗೂರು

ಇದೇ ನಾನು ಹೇಳಿದ್ದು! ಹಾಕಿದ್ದಕ್ಕ ಕೊಟ್ರ ಹಿಂಗಾಗ್ತದ. ಹುಟ್ಟಿದ ಯೂನಿಟ್‌ಗೆ ಕೊಡ್ರಿ.

ಬಳ್ಳಾರಿ_ಗುಡ್ಡ

ಹುಟ್ಟಿದ ಯೂನಿಟ್‌ಗೆ ಕೊಟ್ರೆ ಸಂಡೂರು, ತೋರಣಗಲ್ಲು ಕಡೆಯವರು ಏನು ಮಾಡ್ಬೇಕು? ಕೆಂಪು ಧೂಳು ಕೂತು ಪ್ಯಾನೆಲ್ ಗೇರು ಹಣ್ಣಿನ ಬಣ್ಣಕ್ಕೆ ತಿರುಗಿರುತ್ತೆ. ಅವರ ತಪ್ಪಾ ಅದು?

ವೈರ್_ಮ್ಯಾನ್ (ಕೊಪ್ಪಳ)

ಗಿಣಿಗೇರಿ ಕಡೆ ಕರಿ ಮಸಿ. ಒಂದೊಂದು ಸಲ ಬಟ್ಟಿಲೆ ಒರೆಸಿದ್ರ ಗ್ರೀಸಿನಂಗ ಹಿಡೀತೈತಿ, ಬರೇ ನೀರಿಗೆ ಹೋಗಂಗಿಲ್ಲ. ತೊಳೆಯವ್ರಿಗೆ ಹೇಳೂದು, ಬೆಳ್ಳಂಬೆಳಿಗ್ಗಿ ತೊಳೀರಿ. ಹಗಲು ಕಾದ ಗಾಜಿನ ಮ್ಯಾಲ ತಣ್ಣೀರು ಸುರಿದ್ರ ಬಿರುಕು ಬಿಡಬೋದು. ಬೋರ್ ನೀರಾದ್ರ ತೊಳೆದ ಕೂಡ್ಲೇ ವೈಪರ್ ಎಳೀರಿ, ಬಿಟ್ರ ಬಿಳಿ ಕಲಿ ಗಟ್ಟಿ ಆಗ್ತೈತಿ. ಫಿಲ್ಟರ್‌ನಿಂದ ಹೊರಗ ಬೀಳೂ ವೇಸ್ಟ್ ನೀರಂತೂ ಹಾಕಲೇಬ್ಯಾಡ್ರಿ, ಅದರಾಗ ಉಪ್ಪು ಇನ್ನೂ ಜಾಸ್ತಿ.

ಆಮ್ಯಾಲ ಬಿಸಿಲು ಜಾಸ್ತಿ ಇದ್ರ ಕರೆಂಟ್ ಜಾಸ್ತಿ ಅಂತ ಎಲ್ಲಾರೂ ತಿಳ್ಕೊಂಡಾರ. ಪ್ಯಾನೆಲ್ ಮ್ಯಾಲ ಬರೆದ ವ್ಯಾಟ್ 25 ಡಿಗ್ರಿಗೆ. ಅದರ ಮ್ಯಾಲ ಪ್ರತಿ ಡಿಗ್ರಿಗೆ 0.3ರಿಂದ 0.4% ಇಳೀತೈತಿ. ರಾಯಚೂರು ಮೇ ತಿಂಗಳು ಪ್ಯಾನೆಲ್ 65 ಡಿಗ್ರಿ ಮುಟ್ಟಿದ್ರ 14% ಹೋತು. ಬಿಸಿಲು ಬೇಕು, ಕಾವು ಬ್ಯಾಡ.

ಸುಮ್ಮನ_ಓದಾಂವ

ರಾಯಚೂರಾಗ ಎರಡನ್ನೂ ಬ್ಯಾರೆ ಮಾಡೂದು ಹೆಂಗ ಅಂತ ಯಾರರ ಹೇಳ್ರಪಾ

ಗಂಗಾವತಿ_ಅಕ್ಕಿ

ಮಂಗ್ಯಾ ಮರ್ತಿರಲ್ಲ! ಆನೆಗುಂದಿ ಕಡೆ ನಮ್ಮ ಕಾಕಾರ ಮನಿ ಮ್ಯಾಲ ಮಂಗ್ಯಾಗೋಳು ಪ್ಯಾನೆಲ್ ಜಾರಬಂಡಿ ಮಾಡ್ಕೊಂಡಾವ. ಒಂದು ದಿನ ಕರೆಂಟ್ ಅರ್ಧಕ್ಕರ್ಧ ಬಿತ್ತು. ಹತ್ತಿ ನೋಡಿದ್ರ ಎರಡು ಪ್ಯಾನೆಲ್ ನಡುವಿನ ಕನೆಕ್ಟರ್ ಕಿತ್ತು, ವೈರ್ ಬಾಯಾಗ ಕಚ್ಚಿದ ಗುರ್ತು. ವೈರ್ ಎಲ್ಲಾ ಪೈಪಿನ್ಯಾಗ ಹಾಕಿಸಿದ ಮ್ಯಾಲ ನಿಂತೈತಿ. ಹನುಮಪ್ಪನ ಊರು, ಕಲ್ಲು ಒಗಿಯಂಗೂ ಇಲ್ಲ.

ಕುಷ್ಟಗಿ_ಹುಡುಗಿ

ಕರೆಂಟ್ ಹೋದಾಗ ಸೋಲಾರ್ ನಡೀತೈತಿ ಅಂತ ತಿಳ್ಕೊಂಡು ಹಾಕಿಸಿದವ್ರು ನಮ್ಮ ಊರಾಗ ಅದಾರ. ಲೈನ್ ಹೋತಂದ್ರ ಇದೂ ಆಫ್. ಮಾಳಿಗಿ ತುಂಬ ಪ್ಯಾನೆಲ್, ಕೆಳಗ ಬೀಸಣಿಗಿ ಹಿಡ್ಕೊಂಡು ಕುಂತಿರ್ತಾರ 😅

ವೈರ್_ಮ್ಯಾನ್ (ಕೊಪ್ಪಳ)

ಅದು ಲೈನ್‌ಮನ್ ಜೀವ ಉಳಿಸಾಕ ಅಕ್ಕಾ. ಲೈನ್ ಆಫ್ ಮಾಡಿ ಕಂಬ ಹತ್ತಿದಾಗ ನಿಮ್ಮ ಮಾಳಿಗಿಯಿಂದ ಕರೆಂಟ್ ಹೋಗಬಾರದು. ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಇದ್ರ ನಿಮ್ಮ ಮನಿ ಮಟ್ಟಿಗೆ ನಡೀತೈತಿ. ಇದನ್ನ ಮಾರೂ ಮುಂದ ಹೇಳಬೇಕು, ಹೇಳಂಗಿಲ್ಲ.

ಬಾಡಿಗಿ_ಮನಿ (ರಾಯಚೂರು)

ಎಲ್ಲಾ ಓದಿದೆ. ಮಾಳಿಗಿ ಇದ್ದವ್ರ ಯೋಜನೆ ಮಾಳಿಗಿ ಇದ್ದವ್ರೇ ಮಾತಾಡಾಕತ್ತೀರಿ. ನಾನು ಬಾಡಿಗಿ ಮನ್ಯಾಗ ಇರಾಕಿ. ನಮ್ಮಕ್ಕನ ಮನಿ ಮಾನ್ವಿ ಹತ್ರ, ಮಣ್ಣಿನ ಮ್ಯಾಲ್ಮುದ್ದಿ. ಅದರ ಮ್ಯಾಲ ಮಳಿಗಾಲದಾಗ ನಾವೇ ಹುಷಾರಿಂದ ಕಾಲಿಡ್ತೀವಿ, ಸ್ಟ್ಯಾಂಡ್ ಕೂಡಿಸೂದು ದೂರ. ನಮಗೇನದ?

ಲೆಕ್ಕದ_ಪುಸ್ತಕ (ಬಳ್ಳಾರಿ)

ಒಳ್ಳೆ ಪ್ರಶ್ನೆ. ಇದಕ್ಕೆ ವರ್ಚುವಲ್ ನೆಟ್ ಮೀಟರಿಂಗ್ ಅಂತ ವ್ಯವಸ್ಥೆ ಇದೆ, ದಿಲ್ಲಿಯಲ್ಲಿ 2019ರಲ್ಲೇ ನಿಯಮ ಆಯ್ತು. ಪ್ಯಾನೆಲ್ ಎಲ್ಲೋ ಒಂದು ದೊಡ್ಡ ಚಾವಣಿ ಮೇಲೆ ಇರುತ್ತೆ, ಹುಟ್ಟಿದ ಯೂನಿಟ್ ಪಾಲುದಾರರ ಮೀಟರ್‌ಗಳಲ್ಲಿ ವಜಾ ಆಗುತ್ತೆ. ಮನೆ ಬದಲಿಸಿದರೆ ಪಾಲು ಹೊಸ ಮೀಟರ್‌ಗೆ ಹೋಗೋ ಹಾಗೆ ನಿಯಮ ಮಾಡಿದರೆ ಬಾಡಿಗೆಯವರಿಗೂ ಆಯ್ತು, ಮಣ್ಣಿನ ಮನೆಗೂ ಆಯ್ತು. ತೊಳೆಯೋಕೂ ಒಬ್ಬನೇ ಸಾಕು. ನನ್ನ ಒಟ್ಟಿಗೆ ಕೊಡುವ ಐಡಿಯಾ ಇಲ್ಲಿ ಇನ್ನೂ ಚೆನ್ನಾಗಿ ಕೂರುತ್ತೆ. 50–60 ಯೂನಿಟ್ ಬಳಸೋ ಮನೆಗೆ ಒಂದೊಂದು ಪ್ಯಾನೆಲ್ ಪಾಲು ಸಾಕು, ಅವರ ಮಾಳಿಗೆ ಹತ್ತೋ ಕೆಲಸವೇ ಇಲ್ಲ.

ಬಳ್ಳಾರಿ_ಗುಡ್ಡ

ಐದು ವರ್ಷ ಆದ್ಮೇಲೆ ಗೃಹಜ್ಯೋತಿ ಕಿತ್ಕೊಳ್ಳೋ ಮಾತು ಇಲ್ಲೂ ಐತಾ? ಐತೆ ಅಂದ್ರೆ ನಾನು ಇಲ್ಲೂ ಬೇಡ ಅಂತೀನಿ. ಯೂನಿಟ್‌ಗೆ 2–3 ರೂಪಾಯಿ ಕೈಗೆ ಕೊಡಿ, ಬೇಕಾದವರು ಸೇರ್ತಾರೆ. ಬಡವರ ಸೊನ್ನೆ ಬಿಲ್ ಮುಟ್ಟಬೇಡಿ.

ಶಕ್ತಿನಗರ_ಚಿಮಣಿ

ಯೂನಿಟ್‌ಗೆ 2–3 ರೂಪಾಯಿ ಜೊತಿಗೆ ಸೊನ್ನೆ ಬಿಲ್ಲೂ ಅಂದ್ರ ಸರ್ಕಾರ ಎರಡು ಸಲ ಕೊಟ್ಟಂಗಾತು. ಯಾರದೋ ಒಬ್ಬರ ಕಿಸೆದಿಂದ ಬರಬೇಕಲ್ಲ ಅದು. 260 ಯೂನಿಟ್‌ನವ್ರು ಸೋಲಾರ್ ಹಾಕಿ ಬಿಲ್ ಇಳಿಸ್ಕೊಂಡ್ರ, ಉಳಿದ ಅಂಗಡಿ, ಸಣ್ಣ ವರ್ಕ್‌ಶಾಪ್‌ನವ್ರ ಮ್ಯಾಲ ದರ ಏರ್ತದ. 2025ರಾಗ ಯೂನಿಟ್ ದರ ಹತ್ತು ಪೈಸೆ ಇಳಿಸಿ ನಿಗದಿತ ಶುಲ್ಕ 120ರಿಂದ 145ಕ್ಕ ಏರ್ಸ್ಯಾರ, ನೋಡಿಲ್ಲೇನು? ಸೋಲಾರ್ ಹಾಕಿದವ್ರಿಗೂ ತಪ್ಪಂಗಿಲ್ಲ ಅದು.

ಬಳ್ಳಾರಿ_ಗುಡ್ಡ

ನೋಡಿದೀನಿ ಸಾರ್, ಕಟ್ತಾ ಇದೀನಿ. ಆದರೂ ಮುಟ್ಟಬೇಡಿ ಅಂತೀನಿ.

ಬಾಡಿಗಿ_ಮನಿ (ರಾಯಚೂರು)

ಜಗಳ ಆಮ್ಯಾಲ ಮಾಡ್ರಿ. ಆ ದೊಡ್ಡ ಚಾವಣಿ ಯಾರದು? ಅದನ್ನ ಮೊದ್ಲು ಹೇಳ್ರಿ.

ಮಾಳಿಗಿ_ಮಾಸ್ತರ (ಸಿಂಧನೂರು)

ಎಪಿಎಂಸಿ ಗೋದಾಮು ಅದಾವ, ನಮ್ಮ ಸರ್ಕಾರಿ ಸಾಲಿ ಛತ್ತು ಅದ. ಸಾಲಿಗೆ ಅಷ್ಟು ಕರೆಂಟ್ ಬೇಕಾಗಂಗಿಲ್ಲ, ಭಾನುವಾರ, ಬ್ಯಾಸಿಗಿ ಸೂಟಿ ಪೂರಾ ಖಾಲಿ. ನಾನು ಎಸ್‌ಡಿಎಂಸಿ ಸಭಾದಾಗ ಎತ್ತತೀನಿ.

ವೈರ್_ಮ್ಯಾನ್ (ಕೊಪ್ಪಳ)

ಗೋದಾಮು ಅಂದ್ರ ಶೀಟು ಯಾವ್ದು ನೋಡ್ರಿ ಮಾಸ್ತರ. ಸಿಮೆಂಟ್ ಶೀಟ್ ಇದ್ರ ಬ್ಯಾಡ, ಕಾಲಿಟ್ಟಲ್ಲಿ ಒಡೀತಾವ. ತಗಡಾದ್ರ ಟ್ರಸ್ ತೂಕ ತಡೀತೈತೇನು ಅಂತ ಎಂಜಿನಿಯರ್ ಕಡೆ ಬರೆಸ್ಕೋಬೇಕು. ಸಾಲಿದು ಆರ್‌ಸಿಸಿ ಛತ್ತಾದ್ರ ಅದೇ ವಾಸಿ. ದಕ್ಷಿಣಕ್ಕ ಗಿಡದ ನೆಳ್ಳು ಐತೇನು ಫೋಟೋ ಹಾಕ್ರಿ, ಬೆಳಿಗ್ಗಿ 9ಕ್ಕೊಂದು, ಮಧ್ಯಾಹ್ನ 3ಕ್ಕೊಂದು.

ಮಾಳಿಗಿ_ಮಾಸ್ತರ (ಸಿಂಧನೂರು)

ದೊಡ್ಡ ಬೇವಿನ ಗಿಡ ಅದ, ಆದ್ರ ಉತ್ತರಕ್ಕ. ಸೋಮವಾರ ಹಾಕ್ತೀನಿ.